ಘಾಟಿಯಲ್ಲಿ ಜಗ್ಗಿದ ಕಾರು

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಉಡುಪಿಯಿಂದ ತೀರ್ಥಹಳ್ಳಿಗೆ ವಾಪಸ್ ಬರುತ್ತಿದ್ದೆವು. ಸೋಮೇಶ್ವರದವರೆಗೆ ಕಾರು ಚೆನ್ನಾಗಿಯೇ ಬಂತು. ಆಗುಂಬೆ ಘಾಟಿ ಶುರುವಾಗಿ ಮೂರನೇ ತಿರುವಿನಲ್ಲಿ ಸೆಕೆಂಡ್ ಗೇರ್ ಹಾಕಿ ಒತ್ತಿದೆ ನೋಡಿ, ಗಕ್ ಗಕ್ ಅಂತ ಜಗ್ಗಲು ಶುರು. ಹಿಂದೆ ಬಸ್ಸಿನ ಹಾರ್ನ್. ಮುಂದೆ ಮಂಜು. ಹಿಂದಿನ ಸೀಟಿನಿಂದ ಅಮ್ಮ, "ಪೆಟ್ರೋಲ್ ಹಾಕ್ಸಿದ್ಯೇನೋ ಮಾರಾಯಾ?" ಅಂದರು. ಆ ಘಾಟಿಯಲ್ಲಿ ಒಟ್ಟು 14 ತಿರುವು. ಉಳಿದ 11ನ್ನೂ ಫಸ್ಟ್ ಗೇರಿನಲ್ಲೇ ಹತ್ತಿಸಿದೆ. ಮೇಲೆ ಬಂದು ಆಗುಂಬೆ ಪೇಟೆಯ ಸಪಾಟು ರಸ್ತೆ ಸಿಕ್ಕಿದ ಕೂಡಲೇ ಕಾರು ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಓಡಿತು!

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಬದಲಾಯಿಸಿದರು, ಥ್ರಾಟಲ್ ಕ್ಲೀನ್ ಮಾಡಿದರು, 2,800 ರೂಪಾಯಿ ಬಿಲ್ ಕೊಟ್ಟರು. ಪೇಟೆಯೊಳಗೆ ಒಂದು ರೌಂಡ್ ಓಡಿಸಿ "ಸರಿ ಹೋಯ್ತು ಸಾರ್" ಅಂದರು. ಪೇಟೆಯಲ್ಲಿ ಅದು ಮೊದಲೂ ಸರಿಯೇ ಇತ್ತಲ್ವಾ? ಮುಂದಿನ ವಾರ ಹುಲಿಕಲ್ ಘಾಟಿಯಲ್ಲಿ ಮತ್ತೆ ಅದೇ ಕಥೆ.

ಕೊನೆಗೆ ಶಿವಮೊಗ್ಗದ ಸಾಗರ ರಸ್ತೆಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದರು, "ಪ್ಲಗ್ ಯಾವಾಗ ಹಾಕ್ಸಿದ್ದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರು 58,000 ಕಿಲೋಮೀಟರ್ ಓಡಿತ್ತು. ಸ್ಪಾರ್ಕ್ ಪ್ಲಗ್, ಅಂದರೆ ಎಂಜಿನ್ನಿನೊಳಗೆ ಕಿಡಿ ಹಾರಿಸುವ ಬಿಡಿಭಾಗ, ಕಂಪನಿಯಿಂದ ಬಂದಾಗಿನದೇ.

ನಾಲ್ಕೂ ಪ್ಲಗ್ ಬಿಚ್ಚಿ, ಯಾವುದು ಎಷ್ಟನೇ ಸಿಲಿಂಡರಿನದು ಅಂತ ತಿಳಿಯುವ ಹಾಗೆ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಪಕ್ಕದಲ್ಲಿ ಹೊಸದೊಂದು. ಪ್ಲಗ್ಗಿನ ತುದಿಯಲ್ಲಿ ನಡುವೆ ಒಂದು ಮೊಳೆ, ಅದರ ಮೇಲೆ ಕೊಕ್ಕಿನ ಹಾಗೆ ಬಾಗಿದ ಒಂದು ಪಟ್ಟಿ. ಹೊಸದರಲ್ಲಿ ಮೊಳೆಯ ಅಂಚು ಚೂಪಾಗಿತ್ತು. ನನ್ನವು ಹಳೇ ಚಪ್ಪಲಿಯ ಹಿಮ್ಮಡಿ ಥರ ಸವೆದು ದುಂಡಗಾಗಿದ್ದವು. ಒಂದು ಮಿಲಿಮೀಟರ್ ಇರಬೇಕಾದ ಸಂದಿಯಲ್ಲಿ, ಅಳತೆಗೆ ತೂರಿಸುವ 1.3ರ ಗೇಜ್ ಸಲೀಸಾಗಿ ಹೋಯಿತು. ಸಂದಿ ಬೆಳೆದದ್ದು ಮೂರು ಕೂದಲೆಳೆ ದಪ್ಪದಷ್ಟು, ಅಷ್ಟೇ.

ಅಷ್ಟಕ್ಕೇ ಘಾಟಿಯಲ್ಲಿ ಯಾಕೆ ಜಗ್ಗಬೇಕು? ಪ್ಲಗ್ ಮಾಡುವ ಕೆಲಸ ಒಂದೇ. ಆ ಸಂದಿಯಲ್ಲಿ ಕಿಡಿ ಹಾರಿಸಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಬೆಂಕಿ ಹಚ್ಚುವುದು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಕಿಡಿ ಕೊಡಬೇಕು. ಒಂದು ಗಂಟೆಗೆ 90,000 ಕಿಡಿ. ಪ್ರತಿ ಕಿಡಿಗೂ ಲೋಹ ಒಂಚೂರು ಸವೆಯುತ್ತದೆ, ಸಂದಿ ಅಗಲವಾಗುತ್ತದೆ. ಸಂದಿ ಅಗಲವಾದಷ್ಟೂ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಇನ್ನು ಘಾಟಿಯಲ್ಲಿ ನಾವು ಆಕ್ಸಿಲರೇಟರ್ ಒತ್ತಿ ಹಿಡಿದಿರುತ್ತೇವೆ. ಸಿಲಿಂಡರಿನೊಳಗೆ ಗಾಳಿ ತುಂಬಿ ಒತ್ತಡ ಏರಿರುತ್ತದೆ. ಒತ್ತಡ ಹೆಚ್ಚಿದ್ದಲ್ಲಿ ಕಿಡಿ ಹಾರುವುದು ಇನ್ನೂ ಕಷ್ಟ. ಎರಡೂ ಸೇರಿದಾಗ ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಕಾಯಿಲ್‌ಗೆ ತಾಳಲಾಗುವುದಿಲ್ಲ, ನಡುನಡುವೆ ಕಿಡಿ ತಪ್ಪುತ್ತದೆ. ಗ್ಯಾರೇಜಿನವರು ಮಿಸ್ಸಿಂಗ್ ಅನ್ನುವುದು ಇದಕ್ಕೇ. ಸಪಾಟು ರಸ್ತೆಯಲ್ಲೇ ಓಡಾಡುವವರಿಗೆ ಈ ಪ್ಲಗ್ ಇನ್ನಷ್ಟು ದಿನ ಸುದ್ದಿಯಿಲ್ಲದೆ ನಡೆಯುತ್ತಿತ್ತೇನೋ. ನಮ್ಮ ಮಲೆನಾಡಿನಲ್ಲಿ ಮನೆಗೆ ಹೋಗಬೇಕಾದರೂ ಒಂದು ಏರು ಹತ್ತಲೇಬೇಕು.

ಹಾಗಾದರೆ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು? ಸಾದಾ ನಿಕ್ಕಲ್ ಪ್ಲಗ್ ಆದರೆ 30,000ದಿಂದ 40,000ಕ್ಕೆ. ತುದಿಗೆ ಇರಿಡಿಯಂ ಲೋಹ ಇರುವ ಪ್ಲಗ್ ಆದರೆ ಸುಮಾರು ಒಂದು ಲಕ್ಷದವರೆಗೆ ಬರುತ್ತದೆ. ನಿಕ್ಕಲ್ 1,455 ಡಿಗ್ರಿಗೆ ಕರಗಿದರೆ ಇರಿಡಿಯಂ ಕರಗಲು 2,400 ಡಿಗ್ರಿ ದಾಟಬೇಕು, ಸವೆತವೂ ನಿಧಾನ. ನಿಮ್ಮ ಕಾರಿನಲ್ಲಿ ಯಾವುದಿದೆ ಅನ್ನುವುದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿದೆಯಲ್ಲ, ಅದೇ ಪುಸ್ತಕ. ಸಿಎನ್‌ಜಿ ಗಾಡಿಯಾದರೆ ಸ್ವಲ್ಪ ಬೇಗ ನೋಡಿಸಿ. ಗ್ಯಾಸಿಗೆ ಬೆಂಕಿ ಹಚ್ಚಲು ವೋಲ್ಟೇಜ್ ಜಾಸ್ತಿ ಬೇಕು. ಡೀಸೆಲ್ ಕಾರಿನವರು ಈ ಭಾಷಣದ ಹೊತ್ತಿನಲ್ಲಿ ಕಾಫಿ ಕುಡಿಯಬಹುದು, ನಿಮಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ.

ಖರ್ಚಿನ ಮಾತು. ಸಾದಾ ಪ್ಲಗ್ ಒಂದಕ್ಕೆ ನೂರರಿಂದ ಇನ್ನೂರೈವತ್ತು ರೂಪಾಯಿ. ನಾಲ್ಕು ಪ್ಲಗ್, ಮೇಲೆ ಕೂಲಿ ಸೇರಿ ನನಗೆ 1,050 ರೂಪಾಯಿ ಆಯಿತು. ಇರಿಡಿಯಂ ಒಂದಕ್ಕೇ 500ರಿಂದ 1,200 ಇದೆ. ಅಂದರೆ ನಾಲ್ಕಕ್ಕೆ ಮೂರು, ನಾಲ್ಕು ಸಾವಿರ ಇಟ್ಟುಕೊಳ್ಳಿ. ಮೂರು ಸಿಲಿಂಡರಿನ ಕಾರಿಗೆ ಮೂರೇ ಸಾಕು. ಹಳೇ ಹೋಂಡಾ ಸಿಟಿಯ ಐ-ಡಿಎಸ್‌ಐ ಎಂಜಿನ್‌ಗೆ ಮಾತ್ರ ಎಂಟು ಬೇಕು, ಒಂದೊಂದು ಸಿಲಿಂಡರಿಗೆ ಎರಡೆರಡು. ಆ ಕಾರಿಟ್ಟುಕೊಂಡ ಸ್ನೇಹಿತರೊಬ್ಬರು ಬಿಲ್ ನೋಡಿ ಗ್ಯಾರೇಜಿನವರ ಜೊತೆ ಜಗಳಕ್ಕೇ ನಿಂತಿದ್ದರು.

ಕಂಪನಿ ಸಾದಾ ಪ್ಲಗ್ ಕೊಟ್ಟ ಕಾರಿಗೆ ಇರಿಡಿಯಂ ಹಾಕಿಸಿದರೆ ಮೈಲೇಜ್ ಜಿಗಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ನಾನು ನಂಬುವುದಿಲ್ಲ. ಸವೆದ ಪ್ಲಗ್ ತೆಗೆದು ಹೊಸದು ಹಾಕಿದರೆ ಯಾವುದೇ ಇರಲಿ, ಎಳೆತ ವಾಪಸ್ ಬರುತ್ತದೆ. ಇರಿಡಿಯಂನಲ್ಲಿ ಸಿಗುವುದು ಆಯುಷ್ಯ. ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಅದು ಸುಮ್ನೆ ಖರ್ಚು. ಆದರೆ ಇರಿಡಿಯಂ ಇದ್ದ ಕಾರಿಗೆ ಅಗ್ಗ ಅಂತ ಸಾದಾದು ತುರುಕಬೇಡಿ.

ತಡ ಮಾಡಿದರೆ ಏನಾಗುತ್ತದೆ ಅಂತ ಕೇಳಬಹುದು. ಕಿಡಿ ತಪ್ಪಿದಾಗ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಅಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಅದು ಸುಟ್ಟರೆ ಹತ್ತಾರು ಸಾವಿರ ಎಣಿಸಬೇಕು. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಗಾಡಿ ಓಡಿಸುತ್ತಲೇ ಇರಬೇಡಿ.

ಮಳೆಗಾಲದಲ್ಲಿ ಮಿಸ್ಸಿಂಗ್ ಆದರೆ ಎಲ್ಲಾ ಸಲವೂ ತಪ್ಪು ಪ್ಲಗ್ಗಿನದೇ ಅಲ್ಲ. ಪ್ಲಗ್ ಕೂರುವ ಗುಂಡಿಯಲ್ಲಿ ನೀರು ನಿಂತಿರಬಹುದು. ಹಳೇ ಗಾಡಿಗಳಲ್ಲಿ ಪ್ಲಗ್ ವೈರ್ ಬಿರುಕು ಬಿಟ್ಟು ತೇವಕ್ಕೆ ಕರೆಂಟ್ ಸೋರುತ್ತದೆ. ಇನ್ನೊಂದು ನಮ್ಮ ಕಡೆಯ ಕಾಯಂ ಉಪದ್ರ, ಇಲಿ. ಅಡಿಕೆ ಅಟ್ಟದ ಪಕ್ಕ ಕಾರು ನಿಲ್ಲಿಸುವವರಿಗೆ ನಾನು ಹೇಳಬೇಕಾಗಿಲ್ಲ.

ಸ್ವಂತ ಕೈಯಿಂದ ಬದಲಾಯಿಸುವವರಿಗೆ ಒಂದು ಮಾತು. ಎಂಜಿನ್ ಪೂರ್ತಿ ತಣ್ಣಗಾಗಲಿ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಬಿಸಿಯಲ್ಲಿ ತಿರುಗಿಸಿದರೆ ಥ್ರೆಡ್ ಕಿತ್ತುಬರುತ್ತದೆ. ಹೊಸ ಪ್ಲಗ್ಗನ್ನು ಮೊದಲು ಬರೀ ಬೆರಳಿನಲ್ಲಿ ತಿರುಗಿಸಿ ಕೂರಿಸಿ, ಪಾನಾ ಆಮೇಲೆ. ಜೋರು ತೋರಿಸಲು ಹೋಗಬೇಡಿ. ಹಳೇ ಪ್ಲಗ್ಗನ್ನು ಉಪ್ಪು ಕಾಗದದಲ್ಲಿ ಉಜ್ಜಿ ಮತ್ತೆ ಹಾಕುವ ಕಾಲ ಹಳೇ ಸ್ಕೂಟರುಗಳ ಜೊತೆ ಹೋಯಿತು. ಉಜ್ಜಿದರೆ ಮಸಿ ಹೋಗುತ್ತದೆ, ಸವೆದ ಲೋಹ ಬರುವುದಿಲ್ಲ.

ಗ್ಯಾರೇಜಿನಲ್ಲಿ ಹಾಕಿಸಿದರೆ ಹಳೇ ಪ್ಲಗ್ ಕೇಳಿ ತೆಗೆದುಕೊಂಡು ನೋಡಿ. ತುದಿ ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಗಾಡಿ ಬಿಸಿಯಾಗುವಷ್ಟು ದೂರ ಓಡುತ್ತಿಲ್ಲ. ಮನೆಯಿಂದ ಪೇಟೆಗೆ ಹಾಲಿಗೆ ಹೋಗಿ ಬರುವ ಕಾರುಗಳ ಕಥೆ ಇದೇ. ನನ್ನ ಪ್ಲಗ್ಗುಗಳಲ್ಲಿ ಮೂರು ಕಂದು ಇದ್ದವು. ಮೂರನೇ ಸಿಲಿಂಡರಿನದರ ಮೇಲ್ಭಾಗಕ್ಕೆ, ಬಿಳಿ ಪಿಂಗಾಣಿಗೆ, ಆಯಿಲ್ ಮೆತ್ತಿತ್ತು. ನನಗೆ ಎದೆ ಧಸಕ್ಕೆಂದಿತು. ಆ ಹಿರಿಯರು ಬಟ್ಟೆಯಲ್ಲಿ ಒರೆಸಿ ತುದಿ ತೋರಿಸಿದರು. ತುದಿ ಒಣಗಿತ್ತು. "ತುದಿಗೆ ಬಂದಿದ್ರೆ ಎಂಜಿನ್ ಬಿಚ್ಚೋ ಕೆಲ್ಸ ಸಾರ್. ಇದು ಮೇಲಿಂದ ಸೋರಿದ್ದು. ವಾಲ್ವ್ ಕವರ್ ರಬ್ಬರ್ ಹೋಗಿದೆ, ತಂದ್ಕೊಡಿ, ಹಾಕ್ತೀನಿ" ಅಂದರು. ಎದುರಿನ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ. ನಾಲ್ಕು ದಿನ ಬಿಟ್ಟು ಹಾಕಿಸಿಕೊಂಡು, ವಾಪಸ್ ಬರುವಾಗ ಮಂಡಗದ್ದೆಯಲ್ಲಿ ನಿಲ್ಲಿಸಿ ಹಕ್ಕಿ ನೋಡಿಕೊಂಡು ಮನೆಗೆ ಬಂದೆ.

ನಮಸ್ಕಾರ.