ಮಣಿಕಟ್ಟಿನ ತಿರುವನ್ನು ಅಳೆದ ಸಾಧನ: ವೀ ಮೋಷನ್ ಪ್ಲಸ್

ಸಭೆಯಲ್ಲಿ ನೆರೆದಿರುವ ಹಿರಿಯರಿಗೆ, ಅಧ್ಯಾಪಕ ಮಿತ್ರರಿಗೆ ಮತ್ತು ವಿದ್ಯಾರ್ಥಿಗಳಿಗೆ ನಮಸ್ಕಾರಗಳು.

ಇಂದು ನಾನು ಮಾತನಾಡಲಿರುವುದು ವಿಡಿಯೋ ಗೇಮ್ ರಿಮೋಟಿನ ಬುಡಕ್ಕೆ ಸಿಕ್ಕಿಸುವ ಒಂದು ಪುಟ್ಟ ಉಪಕರಣದ ಬಗ್ಗೆ. ಜಪಾನಿನ ನಿಂಟೆಂಡೊ ಕಂಪನಿ 2008ರ ಜುಲೈನಲ್ಲಿ ಇದನ್ನು ಘೋಷಿಸಿ, 2009ರ ಜೂನ್‌ನಲ್ಲಿ ಮಾರುಕಟ್ಟೆಗೆ ತಂದಿತು. ಹೆಸರು ವೀ ಮೋಷನ್ ಪ್ಲಸ್. ನೋಡಲು ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನೆಯ ಬಿಳಿಯ ತುಂಡು. ಇದರೊಳಗೆ ಅಡಗಿರುವ ವಿಚಾರ ಮಾತ್ರ ಭೌತಶಾಸ್ತ್ರ ಓದುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು. ಕೈಯ ಚಲನೆಯನ್ನು ಅರಿಯಬೇಕಾದರೆ ವೇಗೋತ್ಕರ್ಷವನ್ನು ಅಳೆದರೆ ಸಾಲದು, ತಿರುಗುವಿಕೆಯನ್ನು ಪ್ರತ್ಯೇಕವಾಗಿ ಅಳೆಯಲೇಬೇಕು. ಸೆನ್ಸರ್ ಅಳೆಯದೆ ಬಿಟ್ಟದ್ದನ್ನು ಎಷ್ಟೇ ಜಾಣತನದ ಸಾಫ್ಟ್‌ವೇರ್ ಕೂಡ ಹುಟ್ಟಿಸಿಕೊಡಲಾರದು. ಈ ಮಾತನ್ನು ಲಕ್ಷಾಂತರ ಮನೆಗಳ ನಡುಮನೆಯಲ್ಲಿ ಪ್ರತ್ಯಕ್ಷವಾಗಿ ತೋರಿಸಿಕೊಟ್ಟ ವಸ್ತು ಎಂಬ ಕಾರಣಕ್ಕೆ ನನಗೆ ಇದರ ಮೇಲೆ ಗೌರವವಿದೆ.

ಮೊದಲು ಮೂಲ ರಿಮೋಟನ್ನು ನೋಡೋಣ. ನಿಂಟೆಂಡೊದ ವೀ ಎಂಬ ವಿಡಿಯೋ ಗೇಮ್ ಯಂತ್ರ 2006ರ ನವೆಂಬರ್ 19ರಂದು ಅಮೆರಿಕದಲ್ಲಿ, ಡಿಸೆಂಬರ್ 2ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. ಅಲ್ಲಿಯವರೆಗೆ ಕಂಟ್ರೋಲರ್ ಎಂದರೆ ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳುಗಳಿಂದ ಗುಂಡಿ ಒತ್ತುವ ಸಾಧನವಾಗಿತ್ತು. ವೀ ರಿಮೋಟನ್ನು ಒಂದೇ ಕೈಯಲ್ಲಿ ಹಿಡಿದು ಬೀಸಿದರೆ ಪರದೆಯ ಮೇಲಿನ ಟೆನಿಸ್ ಆಟಗಾರನೂ ಬ್ಯಾಟು ಬೀಸುತ್ತಿದ್ದ. ಅದುವರೆಗೆ ಕಂಟ್ರೋಲರನ್ನು ಮುಟ್ಟಿಯೇ ನೋಡದಿದ್ದ ಅಜ್ಜ ಅಜ್ಜಿಯರು ಸಹ ಬೌಲಿಂಗ್ ಆಡಿದರು. ಕಡೆಗೆ ಈ ಯಂತ್ರ ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಯಿತು. ರಿಮೋಟಿನೊಳಗೆ ಇದ್ದ ಮುಖ್ಯ ಸೆನ್ಸರುಗಳು ಎರಡು. ಒಂದು, ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್‌ಎಲ್ 330 ಎಂಬ ಮೂರು ಅಕ್ಷಗಳ ಆಕ್ಸೆಲೆರೋಮೀಟರ್, ಅಂದರೆ ವೇಗೋತ್ಕರ್ಷ ಮಾಪಕ. ಇನ್ನೊಂದು, ಮೂತಿಯಲ್ಲಿದ್ದ ಅವಕೆಂಪು ಕ್ಯಾಮೆರಾ. ಟಿವಿಯ ಮೇಲೋ ಕೆಳಗೋ ಇಡುವ ಪಟ್ಟಿಗೆ ಸೆನ್ಸರ್ ಬಾರ್ ಎಂದು ಹೆಸರಿದ್ದರೂ ಅದರಲ್ಲಿ ಯಾವ ಸೆನ್ಸರೂ ಇಲ್ಲ. ಎರಡು ತುದಿಗಳಲ್ಲಿ ಅವಕೆಂಪು ದೀಪಗಳಿವೆ, ಅಷ್ಟೆ. ಅದರ ಬದಲು ಎರಡು ಮೇಣದ ಬತ್ತಿ ಹಚ್ಚಿಟ್ಟರೂ ರಿಮೋಟಿನ ಕ್ಯಾಮೆರಾ ಅವನ್ನು ಗುರುತಿಸಿಕೊಳ್ಳುತ್ತದೆ.

ಆಕ್ಸೆಲೆರೋಮೀಟರ್ ನಿಜಕ್ಕೂ ಏನನ್ನು ಅಳೆಯುತ್ತದೆ? ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಗೊಂದಲ ಹುಟ್ಟುವುದು ಇಲ್ಲಿಯೇ. ಸೆನ್ಸರುಗಳ ಅಂಕಿಗಳನ್ನು ತೋರಿಸುವ ಆ್ಯಪ್ ಒಂದನ್ನು ನಿಮ್ಮ ಮೊಬೈಲಿನಲ್ಲಿ ತೆರೆದು ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ. ಮೊಬೈಲು ಅಲುಗಾಡದೆ ಬಿದ್ದಿದ್ದರೂ ಮೇಲ್ಮುಖದ ಅಕ್ಷದಲ್ಲಿ ಸುಮಾರು 9.8 ಎಂಬ ಅಂಕಿ ಕಾಣುತ್ತದೆ. ಅದೇ ಮೊಬೈಲನ್ನು ಮೆತ್ತನೆಯ ಹಾಸಿಗೆಯ ಮೇಲೆ ಬೀಳಲು ಬಿಟ್ಟರೆ, ಗಾಳಿಯಲ್ಲಿರುವ ಅರೆಕ್ಷಣದಲ್ಲಿ ಮೂರೂ ಅಕ್ಷಗಳ ಅಂಕಿಗಳು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತವೆ. ಸುಮ್ಮನೆ ಮಲಗಿದ್ದಾಗ 9.8, ಬೀಳುವಾಗ ಸೊನ್ನೆ! ಈ ಸೆನ್ಸರ್ ಅಳೆಯುವುದು ತನ್ನನ್ನು ತಾಂಗಿ ಹಿಡಿದಿರುವ ಅಥವಾ ತಳ್ಳುತ್ತಿರುವ ಬಲವನ್ನು. ಆದ್ದರಿಂದ ಕೈ ನಿಶ್ಚಲವಾಗಿದ್ದಾಗ ರಿಮೋಟು ಎತ್ತ ವಾಲಿದೆ ಎಂಬುದನ್ನು ಗುರುತ್ವದ ದಿಕ್ಕಿನಿಂದ ಚೆನ್ನಾಗಿ ತಿಳಿಯಬಹುದು. ಕೈ ಬೀಸತೊಡಗಿದ ಕೂಡಲೇ ಗುರುತ್ವದ ಪಾಲು ಎಷ್ಟು, ಕೈಯ ತಳ್ಳುವಿಕೆಯ ಪಾಲು ಎಷ್ಟು ಎಂದು ಬೇರ್ಪಡಿಸುವ ದಾರಿ ಅದಕ್ಕೆ ಇಲ್ಲ.

ಇನ್ನೂ ಒಂದು ಕೊರತೆಯಿದೆ. ಮೇಜಿನ ಮೇಲೆ ಮಲಗಿರುವ ಮೊಬೈಲನ್ನು ಹಾಗೆಯೇ ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿಸಿ ನೋಡಿ; ಗುರುತ್ವದ ದಿಕ್ಕು ಬದಲಾಗದ ಕಾರಣ ಅಂಕಿಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಲಂಬ ಅಕ್ಷದ ಸುತ್ತಲಿನ ತಿರುವು ಆಕ್ಸೆಲೆರೋಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಆ ಕೊರತೆಯನ್ನು ಅವಕೆಂಪು ಕ್ಯಾಮೆರಾ ತುಂಬಿಕೊಡುತ್ತಿತ್ತು ನಿಜ, ಆದರೆ ರಿಮೋಟಿನ ಮೂತಿ ಟಿವಿಯ ಕಡೆಗೆ ಇದ್ದಾಗ ಮಾತ್ರ. ಟೆನಿಸ್ ಹೊಡೆತಕ್ಕೆಂದು ಕೈಯನ್ನು ಬೆನ್ನ ಹಿಂದಕ್ಕೆ ಒಯ್ದವನ ರಿಮೋಟಿಗೆ ಆ ದೀಪಗಳು ಎಲ್ಲಿ ಕಾಣಬೇಕು?

ವೇಗೋತ್ಕರ್ಷವನ್ನು ಎರಡು ಬಾರಿ ಸಮಾಕಲನ ಮಾಡಿದರೆ, ಅಂದರೆ ಕ್ಷಣಕ್ಷಣದ ಅಂಕಿಗಳನ್ನು ಕೂಡಿಸುತ್ತಾ ಹೋದರೆ, ಸ್ಥಾನ ಸಿಗುತ್ತದಲ್ಲ ಎಂದು ಗಣಿತ ಬಲ್ಲ ವಿದ್ಯಾರ್ಥಿಗಳು ಕೇಳಬಹುದು. ಸೂತ್ರ ಸರಿಯಾಗಿದೆ. ಲೆಕ್ಕ ಹಾಕಿ ನೋಡೋಣ. ಸೆನ್ಸರಿನಲ್ಲಿ ಗುರುತ್ವದ ನೂರನೇ ಒಂದು ಭಾಗದಷ್ಟು, ಅಂದರೆ 0.098ರಷ್ಟು ಸ್ಥಿರ ದೋಷವಿದೆ ಎಂದುಕೊಳ್ಳಿ. ಸಮಾಕಲನ ಮಾಡಿದಾಗ ಈ ದೋಷ ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಹತ್ತು ಸೆಕೆಂಡು ಕಳೆಯುವಷ್ಟರಲ್ಲಿ ರಿಮೋಟು ಇದ್ದಲ್ಲೇ ಇದ್ದರೂ ಅದು 4.9 ಮೀಟರ್ ದೂರ ಸರಿದಿದೆ ಎಂದು ಲೆಕ್ಕ ಹೇಳುತ್ತದೆ. ವಾಲಿಕೆಯನ್ನು ಒಂದೇ ಒಂದು ಡಿಗ್ರಿ ತಪ್ಪಾಗಿ ಅಂದಾಜಿಸಿ ಗುರುತ್ವವನ್ನು ಕಳೆದರಂತೂ ಅದೇ ಹತ್ತು ಸೆಕೆಂಡಿನಲ್ಲಿ ಎಂಟು ಮೀಟರಿಗೂ ಹೆಚ್ಚು ತಪ್ಪುತ್ತದೆ. ಹೀಗಾಗಿ 2006ರ ಟೆನಿಸ್ ಆಟ ಕೈಯ ನಿಜವಾದ ಹಾದಿಯನ್ನು ಹಿಂಬಾಲಿಸುವ ಗೋಜಿಗೇ ಹೋಗಲಿಲ್ಲ. ಬೀಸಿದ ಹೊತ್ತು ಮತ್ತು ಬೀಸಿನ ಸ್ಥೂಲ ಸ್ವರೂಪವನ್ನಷ್ಟೇ ಗುರುತಿಸಿ, ಮುಂಚೆಯೇ ಸಿದ್ಧಪಡಿಸಿದ ಹೊಡೆತವನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಸೋಫಾದಲ್ಲಿ ಕುಳಿತು ಮಣಿಕಟ್ಟನ್ನು ಮೆಲ್ಲಗೆ ಕೊಡವಿದರೂ ಚೆಂಡು ಅಷ್ಟೇ ಜೋರಾಗಿ ಹೋಗುತ್ತದೆ ಎಂಬುದನ್ನು ಮಕ್ಕಳು ಬೇಗನೆ ಕಂಡುಕೊಂಡರು.

ಇಲ್ಲಿ ಪ್ರವೇಶಿಸುವುದು ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್. ಈ ಹೆಸರನ್ನು 1852ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಲಿಯೋನ್ ಫೂಕೋ. ಅವರದು ಗಿರಗಿರನೆ ಸುತ್ತುವ ಚಕ್ರವುಳ್ಳ ಯಂತ್ರ. ಸಿಲಿಕಾನ್ ಚಿಪ್ಪಿನೊಳಗೆ ಸುತ್ತುವ ಚಕ್ರವನ್ನು ಇಡುವುದು ಬಲು ಕಷ್ಟ, ಆದ್ದರಿಂದ ಅಲ್ಲಿ ಕಂಪಿಸುವ ತುಣುಕನ್ನು ಇಡುತ್ತಾರೆ. ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದ ಆ ಸಿಲಿಕಾನ್ ತುಣುಕುಗಳು ಸೆಕೆಂಡಿಗೆ ಸಾವಿರಾರು ಬಾರಿ ಹಿಂದೆ ಮುಂದೆ ತುಯ್ಯುತ್ತಿರುತ್ತವೆ. ಚಿಪ್ಪನ್ನು ತಿರುಗಿಸಿದಾಗ, ತಿರುಗುವ ವಸ್ತುವಿನೊಳಗೆ ಚಲಿಸುವುದನ್ನು ಪಕ್ಕಕ್ಕೆ ಸರಿಸುವ ಕೊರಿಯೊಲಿಸ್ ಪರಿಣಾಮದಿಂದಾಗಿ ಅವು ತಮ್ಮ ಕಂಪನದ ದಿಕ್ಕಿಗೆ ಅಡ್ಡಲಾಗಿ ಅತಿ ಸ್ವಲ್ಪ ಸರಿಯುತ್ತವೆ, ಆ ಸರಿತದ ಅಳತೆ ತಿರುಗುವ ವೇಗಕ್ಕೆ ಅನುಪಾತದಲ್ಲಿರುತ್ತದೆ, ಮತ್ತು ಪಕ್ಕದ ಫಲಕಗಳ ನಡುವಿನ ವಿದ್ಯುತ್ ಧಾರಕತೆಯ ಬದಲಾವಣೆಯಿಂದ ಅದನ್ನು ಓದಿಕೊಳ್ಳಲಾಗುತ್ತದೆ. ನಿಸರ್ಗ ಈ ಉಪಾಯವನ್ನು ನಮಗಿಂತ ಬಹಳ ಮೊದಲೇ ಕಂಡುಕೊಂಡಿದೆ. ನೊಣಕ್ಕೆ ಹಿಂದಿನ ಎರಡು ರೆಕ್ಕೆಗಳ ಜಾಗದಲ್ಲಿ ಗುಂಡು ತುದಿಯ ಎರಡು ಪುಟ್ಟ ಕಡ್ಡಿಗಳಿವೆ. ಹಾರುವಾಗ ಅವು ರೆಕ್ಕೆಗಳ ಜೊತೆಗೇ ಬಡಿದುಕೊಳ್ಳುತ್ತಾ, ದೇಹ ತಿರುಗಿದ್ದನ್ನು ಇದೇ ಕೊರಿಯೊಲಿಸ್ ಬಲದ ಮೂಲಕ ನೊಣಕ್ಕೆ ತಿಳಿಸುತ್ತವೆ. ನಾವು ಕೈ ಬೀಸಿದಾಗ ಅದು ತಪ್ಪಿಸಿಕೊಳ್ಳುವ ಚುರುಕುತನದ ಹಿಂದೆ ಈ ಕಡ್ಡಿಗಳ ಕೆಲಸವಿದೆ.

ಮೋಷನ್ ಪ್ಲಸ್ಸಿನಲ್ಲಿ ಎರಡು ಅಕ್ಷಗಳ ತಿರುವನ್ನು ಅಳೆಯಲು ಇನ್ವೆನ್‌ಸೆನ್ಸ್ ಕಂಪನಿಯ ಒಂದು ಚಿಪ್ಪು, ಮೂರನೆಯ ಅಕ್ಷಕ್ಕೆ ಎಪ್ಸನ್ ಟೊಯೊಕಾಮ್‌ನ ಇನ್ನೊಂದು ಚಿಪ್ಪು ಇದ್ದವು. ಇದರ ವಿನ್ಯಾಸದಲ್ಲಿ ನನಗೆ ಅಚ್ಚುಮೆಚ್ಚಿನ ಎರಡು ಸಂಗತಿಗಳಿವೆ. ಮೊದಲನೆಯದು, ತಿರುವನ್ನು ಎರಡು ವ್ಯಾಪ್ತಿಗಳಲ್ಲಿ ಅಳೆಯುವುದು. ಕೈ ನಿಧಾನವಾಗಿ ತಿರುಗುವಾಗ ಸೂಕ್ಷ್ಮವಾದ ಅಳತೆ, ಕತ್ತಿ ಬೀಸಿದಂತೆ ಜೋರಾಗಿ ತಿರುಗಿದಾಗ ಒರಟಾದರೂ ವಿಶಾಲವಾದ ಅಳತೆ. ಯಾವುದು ಬಳಕೆಯಲ್ಲಿದೆ ಎಂಬ ಗುರುತು ಪ್ರತಿ ಅಕ್ಷದ ಮಾಹಿತಿಯ ಜೊತೆಗೇ ಬರುತ್ತದೆ. ಬಿಲ್ಲಿನ ಗುರಿ ಹಿಡಿಯುವುದಕ್ಕೂ ಕತ್ತಿವರಸೆಗೂ ಒಂದೇ ಉಪಕರಣ ಸಾಕಾದದ್ದು ಹೀಗೆ. ಎರಡನೆಯದು, ಹಳೆಯ ಸಂಪರ್ಕವನ್ನು ಮುರಿಯದೆ ಉಳಿಸಿಕೊಂಡದ್ದು. ರಿಮೋಟಿನ ಬುಡದಲ್ಲಿದ್ದದ್ದು ಒಂದೇ ಕಿಂಡಿ, ಅದರಲ್ಲಿ ಎಡಗೈಗೆ ಬೇಕಾದ ನನ್‌ಚಕ್ ಎಂಬ ಕಂಟ್ರೋಲರಿನ ತಂತಿ ಸೇರುತ್ತಿತ್ತು. ಮೋಷನ್ ಪ್ಲಸ್ ಆ ಕಿಂಡಿಯನ್ನು ತಾನು ಹಿಡಿದುಕೊಂಡು, ತನ್ನ ಬುಡದಲ್ಲಿ ಅಂಥದೇ ಇನ್ನೊಂದು ಕಿಂಡಿಯನ್ನು ಕೊಟ್ಟಿತು. ನನ್‌ಚಕ್ ಸಿಕ್ಕಿಸಿದಾಗ ಒಮ್ಮೆ ತನ್ನ ಅಂಕಿಗಳನ್ನು, ಮರುಬಾರಿ ನನ್‌ಚಕ್ಕಿನ ಅಂಕಿಗಳನ್ನು ಸರದಿಯಂತೆ ಕಳಿಸುತ್ತದೆ. ರಿಮೋಟು ಸೆಕೆಂಡಿಗೆ ಸುಮಾರು ನೂರು ಬಾರಿ ಮಾಹಿತಿ ಕಳಿಸುವುದರಿಂದ, ಆ ಅವಕಾಶ ಇಬ್ಬರ ನಡುವೆ ಹಂಚಿಹೋದರೂ ಆಡುವವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಜೈರೋಸ್ಕೋಪಿಗೂ ಅದರದೇ ಆದ ದೋಷವಿದೆ. ಅದು ಹೇಳುವುದು ತಿರುಗುವ ವೇಗವನ್ನು. ಎಷ್ಟು ತಿರುಗಿತು ಎಂದು ತಿಳಿಯಲು ಇಲ್ಲಿಯೂ ಸಮಾಕಲನ ಬೇಕು. ಸುಮ್ಮನಿದ್ದಾಗಲೂ ಸೆಕೆಂಡಿಗೆ ಅರ್ಧ ಡಿಗ್ರಿ ತಿರುಗುತ್ತಿದ್ದೇನೆ ಎಂದು ಅದು ತಪ್ಪಾಗಿ ಹೇಳಿದರೆ ಒಂದು ನಿಮಿಷದಲ್ಲಿ 30 ಡಿಗ್ರಿ ಜಾರಿಹೋಗುತ್ತದೆ. ತಾಪಮಾನ ಬದಲಾದರೂ ಈ ದೋಷ ಬದಲಾಗುತ್ತದೆ. ಅದಕ್ಕೇ ಮೋಷನ್ ಪ್ಲಸ್ ಆಟಗಳು ರಿಮೋಟನ್ನು ಕವುಚಿ ಸಮತಟ್ಟಾದ ಜಾಗದಲ್ಲಿ ಕೆಲವು ಸೆಕೆಂಡು ಇಡಲು ಹೇಳುತ್ತಿದ್ದವು. ನಿಶ್ಚಲವಾಗಿರುವಾಗ ಬರುವ ಅಂಕಿಯೇ ಸೊನ್ನೆ ಎಂದು ನಿಗದಿಪಡಿಸಿಕೊಳ್ಳುವ ಕ್ರಮ ಅದು. ಇಷ್ಟಾದ ಮೇಲೆ ಮೂರೂ ಸೆನ್ಸರುಗಳು ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಳ್ಳುತ್ತವೆ. ಕ್ಷಣಕ್ಷಣದ ವೇಗದ ತಿರುವಿಗೆ ಜೈರೋಸ್ಕೋಪನ್ನು, ನಿಧಾನವಾಗಿ ಜಮೆಯಾಗುವ ವಾಲಿಕೆಯ ತಪ್ಪನ್ನು ತಿದ್ದಲು ಗುರುತ್ವ ತೋರಿಸುವ ಆಕ್ಸೆಲೆರೋಮೀಟರನ್ನು, ಎಡಬಲದ ತಪ್ಪನ್ನು ತಿದ್ದಲು ಕ್ಯಾಮೆರಾವನ್ನು ನಂಬಬಹುದು. ಇಂದು ಡ್ರೋನುಗಳಲ್ಲಿಯೂ ನಿಮ್ಮ ಮೊಬೈಲುಗಳಲ್ಲಿಯೂ ನಡೆಯುವ ಲೆಕ್ಕಾಚಾರದ ತಿರುಳು ಇದೇ.

ಸ್ಪರ್ಧಿಯಾದ ಸೋನಿ ಕಂಪನಿಯ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 2006ರಲ್ಲಿ ಪ್ಲೇಸ್ಟೇಷನ್ 3ರ ಜೊತೆ ಬಂದ ಸಿಕ್ಸ್‌ಆ್ಯಕ್ಸಿಸ್ ಕಂಟ್ರೋಲರಿನಲ್ಲಿ ಮೂರು ಅಕ್ಷಗಳ ಆಕ್ಸೆಲೆರೋಮೀಟರಿನ ಜೊತೆಗೆ ಒಂದೇ ಅಕ್ಷದ ಜೈರೋಸ್ಕೋಪ್ ಇತ್ತು. ಗುರುತ್ವದ ಮೂಲಕ ತಿಳಿಯಲಾಗದ ಎಡಬಲದ ತಿರುವನ್ನು ಹಿಡಿಯುವುದೇ ಅದರ ಕೆಲಸ. 2010ರ ಸೆಪ್ಟೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ ಮೂವ್ ಇನ್ನೂ ಮುಂದಕ್ಕೆ ಹೋಯಿತು. ಅದರ ತುದಿಯಲ್ಲಿ ಬಣ್ಣಬಣ್ಣವಾಗಿ ಬೆಳಗುವ ಗೋಲವಿತ್ತು. ಎದುರಿನ ಕ್ಯಾಮೆರಾದಲ್ಲಿ ಆ ಗೋಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ ಕೈ ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುತ್ತಿತ್ತು. ಮೋಷನ್ ಪ್ಲಸ್ ಬಿಡಿಸದೆ ಬಿಟ್ಟಿದ್ದ ಸ್ಥಾನದ ಸಮಸ್ಯೆಯನ್ನು ಮೂವ್ ಹೀಗೆ ಬಿಡಿಸಿತು. ತಾಂತ್ರಿಕವಾಗಿ ಅದು ಹೆಚ್ಚು ಪೂರ್ಣವಾದ ಪರಿಹಾರ ಎಂದೇ ನನ್ನ ಅಭಿಪ್ರಾಯ.

ಆದರೆ ಬಿಡಿಯಾಗಿ ಮಾರುವ ಉಪಕರಣದ ಕಷ್ಟವೇ ಬೇರೆ. ಅಮೆರಿಕದಲ್ಲಿ ಮೋಷನ್ ಪ್ಲಸ್ಸಿನ ಬೆಲೆ ಸುಮಾರು 20 ಡಾಲರ್ ಇತ್ತು. ಎಲ್ಲರ ಮನೆಯಲ್ಲೂ ಅದು ಇಲ್ಲದಿದ್ದರೆ ಅದಕ್ಕೆಂದೇ ಆಟ ತಯಾರಿಸುವವರು ಯಾರು, ಆಟಗಳೇ ಇಲ್ಲದಿದ್ದರೆ ಅದನ್ನು ಕೊಳ್ಳುವವರು ಯಾರು? ನಿಂಟೆಂಡೊ ತನ್ನ ವೀ ಸ್ಪೋರ್ಟ್ಸ್ ರೆಸಾರ್ಟ್ ಆಟದ ಪೆಟ್ಟಿಗೆಯಲ್ಲಿಯೇ ಅದನ್ನು ಸೇರಿಸಿ ಕೊಟ್ಟು ಈ ತೊಡಕನ್ನು ಅರ್ಧ ಬಿಡಿಸಿತು. 2010ರಲ್ಲಿ ವೀ ರಿಮೋಟ್ ಪ್ಲಸ್ ಎಂಬ ಹೊಸ ರಿಮೋಟು ಬಂದು, ಬುಡಕ್ಕೆ ಸಿಕ್ಕಿಸುತ್ತಿದ್ದ ತುಂಡು ಒಳಕ್ಕೇ ಸೇರಿಹೋಯಿತು.

ದೇಹದ ವಿಷಯವನ್ನೂ ಹೇಳಲೇಬೇಕು. ಬೀಸುವ ಭರದಲ್ಲಿ ರಿಮೋಟು ಕೈಜಾರಿ ಹಾರುತ್ತಿದ್ದ ಕಾರಣ, 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ಮಣಿಕಟ್ಟಿನ ದಾರಗಳನ್ನು ಬದಲಿಸಿಕೊಡಲು ಮುಂದಾಯಿತು. 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ, ಗಂಟೆಗಟ್ಟಲೆ ವೀ ಟೆನಿಸ್ ಆಡಿ ಭುಜ ನೋಯಿಸಿಕೊಂಡ 29 ವರ್ಷದ ವೈದ್ಯರೊಬ್ಬರ ಪ್ರಕರಣ ಪ್ರಕಟವಾಯಿತು. ಪಾರ್ಶ್ವವಾಯು ಪೀಡಿತರ ಕೈಗೆ ಚೇತರಿಕೆ ನೀಡಲು ವೀ ಆಟಗಳನ್ನು ಬಳಸುವ ಪ್ರಯತ್ನಗಳೂ ಹಲವು ದೇಶಗಳಲ್ಲಿ ನಡೆದವು. 2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಪ್ರಕಟವಾದ, 141 ರೋಗಿಗಳ ಮೇಲಿನ ಅಧ್ಯಯನ ಇಸ್ಪೀಟು ಮುಂತಾದ ಸಾಮಾನ್ಯ ಆಟಗಳಿಗಿಂತ ವೀ ಹೆಚ್ಚು ಪರಿಣಾಮಕಾರಿಯಲ್ಲ ಎಂದು ಕಂಡುಕೊಂಡಿತು. ನನಗೆ ಇದು ನಿರಾಶೆಯ ಸುದ್ದಿಯಾಗಿ ಕಾಣುವುದಿಲ್ಲ. ರೋಗಿ ಮನಸ್ಸಿಟ್ಟು ಕೈ ಆಡಿಸುವುದು ಮುಖ್ಯ, ಅದಕ್ಕೆ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ ಎಂಬುದು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಒಳ್ಳೆಯ ಸುದ್ದಿ.

ಕೈ ಬೀಸಲಾರದವರ ಮಾತೇನು? ಮೋಷನ್ ಪ್ಲಸ್ ಇಲ್ಲದೆ ಆಡಲಾಗದ ಆಟಗಳ ಪೈಕಿ ಹೆಸರಾಂತದ್ದು 2011ರ ನವೆಂಬರ್‌ನಲ್ಲಿ ಬಂದ ಸ್ಕೈವರ್ಡ್ ಸೋರ್ಡ್. ಅದರಲ್ಲಿ ಶತ್ರು ಎಡದಿಂದ ಅಡ್ಡಗಟ್ಟಿದರೆ ಬಲದಿಂದ ಬೀಸಬೇಕು, ಕತ್ತಿಯ ಕೋನವೇ ಅಲ್ಲಿ ಒಗಟು. ಗುರಿ ಇಡುವುದಕ್ಕೂ ಆ ಆಟ ಅವಕೆಂಪು ಕ್ಯಾಮೆರಾವನ್ನು ಬಿಟ್ಟು ಜೈರೋಸ್ಕೋಪನ್ನೇ ನೆಚ್ಚಿಕೊಂಡಿತು. ಮಣಿಕಟ್ಟು ತಿರುಗದವರಿಗೆ ಆ ಆಟದ ಬಾಗಿಲು ಮುಚ್ಚಿಯೇ ಇತ್ತು. 2021ರ ಜುಲೈನಲ್ಲಿ ಅದೇ ಆಟ ನಿಂಟೆಂಡೊದ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ ಬಂದಾಗ, ಕಂಟ್ರೋಲರಿನ ಬಲಗಡೆಯ ಕಡ್ಡಿಯನ್ನು ಬೇಕಾದ ದಿಕ್ಕಿಗೆ ತಳ್ಳಿ ಕತ್ತಿ ಬೀಸುವ ವಿಧಾನವನ್ನೂ ಸೇರಿಸಲಾಯಿತು. ಚಲನೆಯಿಂದ ಆಡುವ ಪ್ರತಿಯೊಂದು ಆಟದಲ್ಲೂ ಇಂಥ ಪರ್ಯಾಯ ಮೊದಲ ದಿನದಿಂದಲೇ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಅದೇ ಹೊಸ ಆವೃತ್ತಿಯಲ್ಲಿ ಕೈ ಬೀಸಿಯೇ ಆಡುವವರಿಗೆ, ಜಾರಿದ ಗುರಿಯನ್ನು ಮತ್ತೆ ಪರದೆಯ ನಡುವಿಗೆ ತರಲು ವೈ ಗುಂಡಿಯನ್ನು ಕೊಟ್ಟಿದ್ದಾರೆ. ಸ್ವಿಚ್‌ನ ಜಾಯ್‌ಕಾನ್ ಕಂಟ್ರೋಲರಿನಲ್ಲಿ ಮೂರು ಅಕ್ಷಗಳ ಜೈರೋಸ್ಕೋಪೂ ಆಕ್ಸೆಲೆರೋಮೀಟರೂ ಇವೆ. ಟಿವಿಯ ಬಳಿ ದೀಪದ ಪಟ್ಟಿ ಇಲ್ಲ, ಕಂಟ್ರೋಲರಿನೊಳಗೆ ದಿಕ್ಸೂಚಿಯೂ ಇಲ್ಲ. ಹಾಗಾಗಿ ಎಡಬಲದ ತಿರುವಿಗೆ ಹೊರಗಿನ ಆಧಾರವೇ ಇಲ್ಲದೆ, ಎದುರು ಯಾವ ಕಡೆ ಎಂಬುದನ್ನು ಆಗಾಗ ಆ ಗುಂಡಿ ಒತ್ತಿ ಆಟಗಾರರೇ ಹೇಳಿಕೊಡಬೇಕಾಗುತ್ತದೆ.