ಬೈಯುವುದು ಆಮೇಲೆ ಇರಲಿ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್ಕಿನಲ್ಲಿ ಆಪ್ತ ಸಮಾಲೋಚಕಿ. ಆಕಾಶವಾಣಿಯವರು ನನಗೆ ಕೊಟ್ಟ ವಿಷಯ ಹದಿಹರೆಯದವರ ಆರೋಗ್ಯ. ಅದು ದೊಡ್ಡ ವಿಷಯ. ನಾನು ಅದರಲ್ಲಿ ಒಂದೇ ಒಂದು ಭಾಗ ಹಿಡಿದು ಮಾತಾಡುತ್ತೇನೆ. ಹದಿನಾರು, ಹದಿನೇಳು ವರ್ಷದ ಹುಡುಗಿಗೆ ಬಸಿರಾಗುವುದು, ಆಗದಂತೆ ನೋಡಿಕೊಳ್ಳುವುದು. ಹೆದರಿ ರೇಡಿಯೋ ಆರಿಸಬೇಡಿ. ಮಕ್ಕಳು ಪಕ್ಕದಲ್ಲೇ ಇದ್ದರೆ ಇರಲಿ, ಅವರೂ ಕೇಳಲಿ. ಅವರಿಗೆ ನಿಮಗಿಂತ ಜಾಸ್ತಿ ಬೇಕಾದ ಮಾತು ಇದು.

ನಾನು ಮಾತಾಡುವಾಗ ನನ್ನ ಕಣ್ಣ ಮುಂದೆ ಇರುವುದು ತಾಯಂದಿರು. ಅಂಕೋಲೆಯ ಕಡೆ ಮೀನು ಕೊಯ್ಯುತ್ತಾ ಕೂತವರು, ಶಿರಸಿಯ ಕಡೆ ಅಡಿಕೆ ಸುಲಿಯುತ್ತಾ ಕೂತವರು. ನಿಮಗೆ ನಾನು ಹೇಳುವುದು ಇಷ್ಟೇ. ಮಗಳು ಬಾಯಿ ಬಿಟ್ಟು ಏನಾದರೂ ಹೇಳಿದ ದಿನ ಬೈಯಬೇಡಿ. ಬೈಯುವುದು ಆಮೇಲೆ ಇರಲಿ. ಯಾಕೆಂದರೆ ಈ ವಿಷಯದಲ್ಲಿ ಪ್ರತಿಯೊಂದಕ್ಕೂ ಗಡುವು ಇದೆ. ತುರ್ತು ಮಾತ್ರೆಗೆ ಮೂರು ದಿನದ ಗಡುವು ಇದೆ, ಗರ್ಭಪಾತಕ್ಕೆ ವಾರಗಳ ಗಡುವು ಇದೆ. ಬೈಗುಳಕ್ಕೆ ಹೆದರಿ ಹುಡುಗಿ ಬಾಯಿ ಮುಚ್ಚಿಕೊಂಡು ಕೂತರೆ ಆ ಗಡುವುಗಳೆಲ್ಲ ಒಂದೊಂದಾಗಿ ದಾಟಿಹೋಗುತ್ತವೆ.

"ನಮ್ಮ ಹುಡುಗಿ ಅಂಥವಳಲ್ಲ" ಅಂತ ಈಗ ಯಾರೋ ಒಬ್ಬರು ಅಂದುಕೊಂಡಿರಿ, ಅಲ್ವಾ? ನಾನು ವಾರಕ್ಕೆ ನಾಲ್ಕು ಸಲ ಕೇಳುವ ಮಾತು ಇದು. ಅಂಥವಳು ಇಂಥವಳು ಅಂತ ಏನೂ ಇಲ್ಲ. ಗರ್ಭಕೋಶಕ್ಕೆ ಮನೆತನ ಗೊತ್ತಾಗುವುದಿಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿ ಆಗಲೇ ತಾಯಿಯಾಗಿದ್ದರು, ಇಲ್ಲವೇ ಬಸಿರಾಗಿದ್ದರು. ಅವರಲ್ಲಿ ಹೆಚ್ಚಿನವರು ಮದುವೆಯಾದವರೇ. ಮದುವೆಯಾದರೆ ಸರಿಯಾಯಿತು ಅಂದುಕೊಳ್ಳಬೇಡಿ. ತಾಳಿ ಕಟ್ಟಿದ ಮಾತ್ರಕ್ಕೆ ಮೈ ಬಲಿಯುವುದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ಆ ವಯಸ್ಸಿನ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತ ಕಡಿಮೆ. ತನಗೇ ಸಾಲದ ರಕ್ತದಲ್ಲಿ ಇನ್ನೊಂದು ಜೀವ ಬೆಳೆಸಬೇಕು. ಬಿಪಿ ಏರಬಹುದು, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು, ಮಗು ತೂಕ ಇಲ್ಲದೆ ಹುಟ್ಟಬಹುದು.

ಈಗ ಒಂದು ಕತೆ ಹೇಳುತ್ತೇನೆ. ಊರು, ಕಾಲೇಜು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಕರಾವಳಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಪಿಯುಸಿ ಮೊದಲ ವರ್ಷ. "ಎಂತ ಮಾಡೂದು ಅಕ್ಕೋರೆ, ಊಟನೇ ಮಾಡೂದಿಲ್ಲ ಇದು. ತಿಂದದ್ದೂ ವಾಂತಿ. ಎರಡು ತಿಂಗಳಾಯ್ತು, ಮುಟ್ಟೂ ಆಗಲಿಲ್ಲ" ಅಂದರು. ದೇವರಲ್ಲಿ ಪ್ರಸಾದ ಕೇಳಿ ಆಗಿತ್ತು. ಕಷಾಯ ಕುಡಿಸಿ ಆಗಿತ್ತು. ದೃಷ್ಟಿಯನ್ನೂ ತೆಗೆದಿದ್ದರು. ಎಲ್ಲಾ ಮುಗಿದ ಮೇಲೆ ಆಸ್ಪತ್ರೆ ನೆನಪಾಗಿತ್ತು. ಇರಲಿ, ಬಂದರಲ್ಲ.

ನಾನು ತಾಯಿಯನ್ನು ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿದೆ. ಅವರಿಗೆ ಸಿಟ್ಟು ಬಂತು. "ಹೆತ್ತವಳ ಹತ್ರ ಮುಚ್ಚಿಡೂದು ಎಂತ ಇದೆ?" ಅಂದರು. ಇದೆಯಮ್ಮ, ಇರುತ್ತದೆ. ನಿಮ್ಮ ಹದಿನಾರನೇ ವಯಸ್ಸಿನಲ್ಲಿ ನಿಮಗೂ ಇತ್ತು.

ಬಾಗಿಲು ಮುಚ್ಚಿದ ಮೇಲೂ ಹುಡುಗಿ ಬಾಯಿ ಬಿಡಲಿಲ್ಲ. ಬ್ಯಾಗಿನ ಪಟ್ಟಿಯ ದಾರ ಎಳೆಯುತ್ತಾ ಕೂತಳು. ನಾನು ಅವಳ ಕಾಲೇಜು, ಬಸ್ಸು, ಗೆಳತಿಯರು ಅಂತ ಏನೇನೋ ಕೇಳಿದೆ. ಆಮೇಲೆ ನೇರವಾಗಿಯೇ ಕೇಳಿದೆ. "ತಂಗಿ, ನಿಂಗೆ ಬಸಿರಾಗಿದೆ ಅಂತ ಭಯನಾ?" ತಲೆ ಆಡಿಸಿದಳು. ಕಣ್ಣಲ್ಲಿ ನೀರು.

ಸರಿ, ಏನಾಯಿತು? ಕಾಲೇಜಿನವರು ಪ್ರವಾಸ ಹೋಗಿದ್ದರು. ರಾತ್ರಿ ಬಸ್ಸಿನಲ್ಲಿ ವಾಪಸ್ ಬರುವಾಗ ಪಕ್ಕದಲ್ಲಿ ಅವಳ ಕ್ಲಾಸಿನ ಹುಡುಗ ಕೂತಿದ್ದ. ಅವನ ಹೆಗಲಿಗೆ ತಲೆ ಇಟ್ಟು ಇವಳು ನಿದ್ದೆ ಮಾಡಿದ್ದಾಳೆ. ಎಚ್ಚರವಾದಾಗ ಅವನ ಕೈ ಇವಳ ಕೈ ಹಿಡಿದಿತ್ತು. ಅಷ್ಟೇ. ಮತ್ತೇನೂ ಇಲ್ಲ. ನಾನು ಬಿಡಿಸಿ ಬಿಡಿಸಿ ಕೇಳಿದೆ. ಬಸ್ಸು ತುಂಬ ಜನ, ಎದುರಿಗೇ ಮಾಸ್ತರು. ಆದರೆ ಅವಳ ತಲೆಯಲ್ಲಿ ಒಂದೇ ಯೋಚನೆ: ನಿದ್ದೆಯಲ್ಲಿ ಏನಾದರೂ ಆಗಿದ್ದರೆ?

ಅದೇ ತಿಂಗಳು ದಿನ ದಾಟಿ ನಾಲ್ಕು ದಿನವಾದರೂ ಮುಟ್ಟು ಬರಲಿಲ್ಲ. ಆ ವಯಸ್ಸಿನಲ್ಲಿ ಅದು ಮಾಮೂಲು. ಮೈ ನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಇವಳಿಗೆ ಅದು ಗೊತ್ತಿಲ್ಲ. ಹೆದರಿದಳು. ಊಟ ಮಾಡದಿದ್ದರೆ ಹೊಟ್ಟೆ ದೊಡ್ಡದಾಗುವುದಿಲ್ಲ ಅಂತ ಊಟ ಬಿಟ್ಟಳು. ಖಾಲಿ ಹೊಟ್ಟೆಯಲ್ಲಿ ಹುಳಿ ಏರಿ ವಾಂತಿಯಾಯಿತು. ಸೀರಿಯಲ್ಲಿನಲ್ಲಿ ಸೊಸೆ ವಾಂತಿ ಮಾಡಿದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಇನ್ನೂ ಹೆದರಿದಳು, ಇನ್ನೂ ಊಟ ಬಿಟ್ಟಳು. ಊಟ ಬಿಟ್ಟರೆ, ಚಿಂತೆ ಹಚ್ಚಿಕೊಂಡರೆ ಅಂಡಾಣು ಬಿಡುಗಡೆಯಾಗುವುದೇ ನಿಲ್ಲಬಹುದು. ಹಾಗಾಗಿ ಮುಂದಿನ ತಿಂಗಳೂ ಮುಟ್ಟು ಬರಲಿಲ್ಲ. ಏನೂ ಇಲ್ಲದ ಕಡೆ ಹೆದರಿಕೆಯೇ ಎಲ್ಲಾ ಲಕ್ಷಣ ತಂದು ಕೂರಿಸಿತ್ತು.

ನನಗೆ ಪರೀಕ್ಷೆ ಬೇಕಿರಲಿಲ್ಲ. ಆದರೆ ಅವಳ ಕಣ್ಣಿಗೇ ಕಾಣಲಿ ಅಂತ ಕಿಟ್ ತೆಗೆದೆ. ಇದನ್ನು ನೀವೂ ತಿಳಿದುಕೊಳ್ಳಿ. ಸಣ್ಣ ಪ್ಲಾಸ್ಟಿಕ್ ಪಟ್ಟಿ, ಜೊತೆಗೊಂದು ಡ್ರಾಪರ್. ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು. ಎರಡು ಮೂರು ಹನಿ ಗುಂಡಿಯಲ್ಲಿ ಬಿಡಬೇಕು, ಐದು ನಿಮಿಷ ಕಾಯಬೇಕು. ಸಿ ಅನ್ನುವ ಕಡೆ ಒಂದೇ ಗೆರೆ ಬಂದರೆ ಬಸಿರಿಲ್ಲ. ಟಿ ಅನ್ನುವ ಕಡೆಯೂ ಬಂದು ಎರಡಾದರೆ ಬಸಿರು. ಗೆರೆಯೇ ಬರದಿದ್ದರೆ ಕಿಟ್ ಕೆಟ್ಟಿದೆ, ಬೇರೆ ತನ್ನಿ. ಆಶಾ ಕಾರ್ಯಕರ್ತೆಯ ಹತ್ತಿರ ಇದು ಪುಕ್ಕಟೆ ಸಿಗುತ್ತದೆ, ನಿಶ್ಚಯ್ ಕಿಟ್ ಅಂತ ಕೇಳಿ.

ನಾವಿಬ್ಬರೂ ಆ ಪಟ್ಟಿಯನ್ನೇ ನೋಡುತ್ತಾ ಕೂತೆವು. ಗುಲಾಬಿ ಬಣ್ಣದ ಒಂದು ಗೆರೆ ಮೂಡಿತು. ಒಂದೇ. ನಾನು ನಕ್ಕು "ನೋಡಿದ್ಯಾ?" ಅಂದೆ. ಹುಡುಗಿ ಗೊಳೋ ಅಂತ ಅಳಲು ಶುರು ಮಾಡಿದಳು. ನಿರಾಳವಾಗಿ ಅಳುತ್ತಿದ್ದಾಳೆ ಅಂದುಕೊಂಡು ಬೆನ್ನು ಸವರಿದೆ. ಬಿಕ್ಕುತ್ತಲೇ ಕೇಳಿದಳು, "ಒಂದೇ ಅಲ್ವಾ ಮೇಡಂ? ಅವಳಿ ಅಲ್ಲ ಅಲ್ವಾ?"

ಒಂದು ಗೆರೆ ಅಂದರೆ ಒಂದು ಮಗು ಅಂತ ತಿಳಿದಿದ್ದಾಳೆ! ನಗಬೇಡಿ. ನಗು ಬರುತ್ತದೆ, ನನಗೂ ಬಂತು. ಆದರೆ ಇವಳು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗಿ. ಆ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಕಾಂಡೋಮ್, ಕಾಪರ್-ಟಿ ಎಲ್ಲಾ ಅದರಲ್ಲೇ ಬರುತ್ತವೆ. "ಮನೆಯಲ್ಲಿ ಓದ್ಕೊಳ್ಳಿ" ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗುವ ಶಿಕ್ಷಕರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಮನೆಯಲ್ಲಿ ಓದಿದರೆ ಹೀಗಾಗುತ್ತದೆ.

ಹುಡುಗಿಯ ಒಪ್ಪಿಗೆ ತೆಗೆದುಕೊಂಡು ತಾಯಿಯನ್ನು ಒಳಗೆ ಕರೆದೆ. ಪೂರ್ತಿ ಹೇಳಿ ಮುಗಿಸುವ ಮೊದಲೇ ಅವರ ಕೈ ಎದ್ದಿತ್ತು. "ಯಾವನು ಅಂವ?" ನಾನು ಆ ಕೈ ಹಿಡಿದೆ. "ಬೈಯುವುದು ಆಮೇಲೆ ಇರಲಿ. ಮೊದಲು ಇವಳಿಗೆ ಏನಾದರೂ ತಿನ್ನಿಸಿ" ಅಂದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಕೊಡಿಸಿದೆವು. ಊಟ ಶುರುವಾದ ಮೇಲೆ ಮುಟ್ಟೂ ಬಂತು. ಆ ತಾಯಿ ಈಗ ತಮ್ಮ ಕೇರಿಯ ಬೇರೆ ತಾಯಂದಿರನ್ನೂ ಕರೆದುಕೊಂಡು ಬರುತ್ತಾರೆ.

ಇವಳದು ಸುಳ್ಳು ಹೆದರಿಕೆ. ನಿಜವಾಗಿದ್ದರೆ? ಎರಡು ತಿಂಗಳು ಸುಮ್ನೆ ಕಳೆದಿತ್ತು. ನಿಜವಾಗಿ ಬಸಿರಾದವರು ನನ್ನ ಹತ್ತಿರ ಬರುವುದು ನಾಲ್ಕನೇ ತಿಂಗಳು, ಐದನೇ ತಿಂಗಳು. ಚೂಡಿದಾರ ಬಿಗಿಯಾದ ಮೇಲೆ. ಅಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ ಎಲ್ಲರದೂ ಒಂದೇ ಉತ್ತರ: "ಆಯಿ ಬೈತಾಳೆ."

ಕತೆ ಉದ್ದವಾಯಿತು, ಗೊತ್ತು. ಗಾಜಿನ ಆಚೆ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಮೊದಲ ಸಲಕ್ಕೆ ಬಸಿರಾಗುವುದಿಲ್ಲ ಅನ್ನುವುದು ಸುಳ್ಳು. ತೊಳೆದುಕೊಂಡರೆ ಆಗುವುದಿಲ್ಲ ಅನ್ನುವುದೂ ಸುಳ್ಳು. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೆ ಬದುಕಿರಬಲ್ಲದು. ಹಾಗಾಗಿ ಹುಡುಗಿಯರು ದಿನ ಲೆಕ್ಕ ಹಾಕಿ ಇವತ್ತು ಭಯವಿಲ್ಲ ಅನ್ನುವುದು ನಂಬುವ ಮಾತಲ್ಲ. ಪಪ್ಪಾಯಿ, ಎಳ್ಳು, ಅನಾನಸ್ ತಿಂದರೆ ಬಸಿರು ಹೋಗುವುದಿಲ್ಲ. ಹೋಗುವುದು ದಿನ.

ಕಾಂಡೋಮ್. ಈ ಶಬ್ದ ರೇಡಿಯೋದಲ್ಲಿ ಕೇಳಿ ಯಾರಿಗೂ ಏನೂ ಆಗುವುದಿಲ್ಲ. ಬಸಿರನ್ನೂ ತಡೆದು ಎಚ್‌ಐವಿಯಂಥ ರೋಗವನ್ನೂ ತಡೆಯುವುದು ಇದೊಂದೇ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ತಾರೀಖು ನೋಡಬೇಕು, ಪರ್ಸಿನಲ್ಲಿ ತಿಂಗಳುಗಟ್ಟಲೆ ಇಡಬಾರದು. ಕೊಬ್ಬರಿ ಎಣ್ಣೆ ತಾಗಿಸಿದರೆ ಹರಿಯುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬೇರೆಯಾಗಿ ಹೇಳಬೇಕು.

ತುರ್ತು ಮಾತ್ರೆ. ಕೂಡಿದ ಮೇಲೆ ಬಸಿರು ನಿಲ್ಲದಂತೆ ತಡೆಯುವ ಮಾತ್ರೆ ಇದು, 72 ಗಂಟೆಯೊಳಗೆ ನುಂಗಬೇಕು. ಮೊದಲ ದಿನವೇ ನುಂಗಿದರೆ ಇನ್ನೂ ಒಳ್ಳೆಯದು. ಡಾಕ್ಟರ ಚೀಟಿ ಬೇಡ. ಅದು ಗರ್ಭಪಾತದ ಮಾತ್ರೆ ಅಲ್ಲ, ಬಸಿರು ನಿಂತ ಮೇಲೆ ಅದು ಕೆಲಸ ಮಾಡುವುದಿಲ್ಲ. ಪ್ರತಿ ಸಲ ಅದನ್ನೇ ನುಂಗುವಂತೆಯೂ ಇಲ್ಲ. ನೋಡಿ, ಮೂರೇ ದಿನ. ಮೊದಲನೇ ದಿನ ನೀವು ಬೈದರೆ ಎರಡನೇ ದಿನ ಅವಳು ಹೇಳುತ್ತಾಳಾ?

ಗರ್ಭಪಾತ. 1971ರ ಕಾಯ್ದೆಯ ಪ್ರಕಾರ ಅದು ನಮ್ಮಲ್ಲಿ ಕಾನೂನುಬದ್ಧ. 20 ವಾರದವರೆಗೆ ಒಬ್ಬ ವೈದ್ಯರು ಒಪ್ಪಿದರೆ ಸಾಕು. 2021ರ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತ ಹುಡುಗಿಗೆ 24 ವಾರದವರೆಗೂ ಅವಕಾಶ ಇದೆ, ಆಗ ಇಬ್ಬರು ವೈದ್ಯರು ಬೇಕು. ಹದಿನೆಂಟು ತುಂಬದವಳಿಗೆ ಪೋಷಕರ ಸಹಿ ಬೇಕೇ ಬೇಕು. ಅಂದರೆ ನೀವು ಬೇಕು. ಮೆಡಿಕಲ್ ಶಾಪಿನಿಂದ ಕದ್ದು ತಂದ ಮಾತ್ರೆ ನುಂಗಿ ರಕ್ತ ಸುರಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಪೊಲೀಸ್ ಭಯ. ಹದಿನೆಂಟು ಆಗದ ಹುಡುಗಿ ಬಸಿರಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಂತೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಅವಳು ಒಪ್ಪಿದ್ದಳು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಇದಕ್ಕೆ ಹೆದರಿ ಜನ ಕಂಡ ಕಂಡವರ ಹತ್ತಿರ ಹೋಗುತ್ತಾರೆ. ಹೋಗಬೇಡಿ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಅವಳ ಹೆಸರು, ಗುರುತು ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. "ಯಾವನು ಅಂವ" ಅಂತ ಕೂಗುವವರಿಗೆ ಇನ್ನೊಂದು ಮಾತು. ಕೆಲವು ಸಲ ಅವನು ನಿಮ್ಮ ಮನೆಯೊಳಗೇ ಇರುತ್ತಾನೆ, ನಿಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರುತ್ತಾನೆ. ಅದಕ್ಕೇ ಅವಳು ಹೇಳಿರುವುದಿಲ್ಲ.

ಗಂಡುಮಕ್ಕಳ ವಿಷಯಕ್ಕೆ ಸಮಯವೇ ಉಳಿಯಲಿಲ್ಲ. ಅದಕ್ಕೆ ಇನ್ನೊಂದು ಸಲ ಕರೆಯಬೇಕು ಇವರು. ಇವತ್ತಿಗೆ ಇಷ್ಟು ಸಾಕು: ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗ ಅಲ್ಲ, ಶಕ್ತಿ ಹೋಗುವುದೂ ಇಲ್ಲ. ಬಸ್ ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಅಂಟಿಸಿದವರಿಗೆ ದುಡ್ಡು ಸುರಿಯಬೇಡಿ. ಬೋಟಿಗೆ ಹೋಗುವವರು, ಗೋವಾಕ್ಕೆ ಕೆಲಸಕ್ಕೆ ಹೋಗುವವರು, ಯಾರಿದ್ದರೂ ನಮ್ಮ ಕ್ಲಿನಿಕ್ಕಿಗೆ ಬನ್ನಿ. ಅದು ಹುಡುಗಿಯರಿಗೆ ಮಾತ್ರ ಅಲ್ಲ. 10ರಿಂದ 19 ವರ್ಷದ ಯಾರಾದರೂ ಬರಬಹುದು. ಒಬ್ಬರೇ ಬಂದರೂ ಆಗುತ್ತದೆ, ಫೀಸ್ ಇಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಎಲ್ಲಿದೆ ಅಂತ ಕೇಳಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಇರುತ್ತದೆ ಅನ್ನುವುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಬರಲು ಆಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ, ಬಾಲ್ಯವಿವಾಹ ಮಾಡಲು ಹೊರಟಿದ್ದರೆ ಮಕ್ಕಳ ಸಹಾಯವಾಣಿ 1098. ಎರಡೂ ಪುಕ್ಕಟೆ. ಬರೆದುಕೊಳ್ಳಿ, ಮತ್ತೊಮ್ಮೆ ಹೇಳುತ್ತೇನೆ: 104, 1098. ಬರೆದದ್ದನ್ನು ಮಗಳ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ನಮಸ್ಕಾರ.