ಬುನಾದಿಯ ದುಡ್ಡು ಮೊದಲು

ಎಲ್ಲರಿಗೂ ಶರಣು ಶರಣಾರ್ಥಿ.

ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ ಅಣ್ಣಂದಿರು, ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಅಕ್ಕಂದಿರು, ಗೌಂಡಿಗಳು, ಸೆಂಟ್ರಿಂಗ್ ಹುಡುಗರು, ಶಹಾಬಾದಿನ ಫರಸಿ ಖಣಿಯವರು, ಆಟೋದವರು, ತಳ್ಳುಗಾಡಿಯವರು, ಇವತ್ತಿನ ಮಾತು ನಿಮಗೆ. ದಿನಾ ದುಡಿಯುತ್ತೀರಿ. ದುಡಿದದ್ದರಲ್ಲಿ ಬಾಡಿಗೆ ಕಟ್ಟುತ್ತೀರಿ, ಅದೂ ನಿಲುಕದಿದ್ದರೆ ಪತ್ರಾ ಹೊದಿಸಿದ ಜೋಪಡಿಯಲ್ಲೋ ಅಂಗಡಿ ಕಟ್ಟೆಯ ಮೇಲೋ ಮಲಗುತ್ತೀರಿ. ವಾಡಿ, ಸೇಡಂ, ಮಳಖೇಡ, ಎಲ್ಲಾ ಕಡೆ ಸಿಮೆಂಟ್ ಕಾರ್ಖಾನೆ ಇರುವ ಜಿಲ್ಲೆ ನಮ್ಮ ಕಲಬುರಗಿ. ಸಿಮೆಂಟಿಗೇನೂ ಬರ ಇಲ್ಲ.

ಬಾನುಲಿಯವರು ನನಗೆ ಕೊಟ್ಟ ವಿಷಯ ವಸತಿ ಯೋಜನೆಗಳ ಪರಿಚಯ. ಯೋಜನೆಗಳ ಹೆಸರು ಓದುತ್ತ ಕೂತರೆ ನನ್ನ ಸಮಯ ಮುಗಿಯುತ್ತದೆ, ನಿಮ್ಮ ಕೈಗೆ ಏನೂ ಹತ್ತುವುದಿಲ್ಲ. ಅದಕ್ಕೇ ಒಂದೇ ಮಾತು ಹೇಳುತ್ತೇನೆ, ತಿರುತಿರುಗಿ ಅದನ್ನೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ್ರಿ. ಅರ್ಜಿ ಹಾಕುವುದಕ್ಕಿಂತ ಮೊದಲು ಬುನಾದಿಯ ದುಡ್ಡು ಕೂಡಿಸ್ರಿ. ಒಬ್ಬೊಬ್ಬರೇ ಅಲ್ಲ, ಹತ್ತಿಪ್ಪತ್ತು ಮನೆಯವರು ಕೂಡಿ.

ಯಾಕೆ ಅಂದರೆ, ಸರ್ಕಾರದ ಸಹಾಯಧನ ಗಂಟಾಗಿ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಸಾಮಾನ್ಯವಾಗಿ ಬುನಾದಿ ಆಯಿತೆಂದು ಜಾಗದ ಗುರುತಿನ ಸಮೇತ ಫೋಟೋ ಮೇಲೇರಬೇಕು, ಆಮೇಲೆ ಮೊದಲ ಕಂತು. ಗೋಡೆ ಬಾಗಿಲ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದರೆ ಮುಂದಿನದು. ಮಾಳಿಗೆ ಹಾಕಿದರೆ ಇನ್ನೊಂದು. ಅಂದರೆ ಪ್ರತಿ ಹಂತದಲ್ಲೂ ಮೊದಲು ಖರ್ಚು ಮಾಡುವವರು ನೀವು, ಆಮೇಲೆ ಕೊಡುವುದು ಸರ್ಕಾರ. ದಿನಗೂಲಿಯವರ ಹತ್ತಿರ ಮೊದಲು ಹಾಕಲು ಏನಿರುತ್ತದೆ? ಸಾವಕಾರನ ಹತ್ತಿರ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ತರುತ್ತಾರೆ. ಕಂತು ಬಂದದ್ದು ಬಡ್ಡಿಗೆ ಹೋಗುತ್ತದೆ, ಗೋಡೆ ಲಿಂಟಲಿಗೆ ನಿಲ್ಲುತ್ತದೆ. ಯಾವ ಊರಿಗೆ ಹೋದರೂ ಲಿಂಟಲಿಗೆ ನಿಂತ ಮನೆ ಕಾಣಿಸುತ್ತವೆ, ಒಳಗೆ ಜಾಲಿ ಬೆಳೆದಿರುತ್ತದೆ. ಯೋಜನೆ ಕೆಟ್ಟದ್ದು ಅಂತ ಬಯ್ಯುತ್ತೇವೆ. ಬುನಾದಿಯ ದುಡ್ಡು ಇರಲಿಲ್ಲ, ಅಷ್ಟೇ.

ಕೂಡಿ ಮಾಡುವುದು ಅಂದರೆ ಹ್ಯಾಂಗೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಪಕ್ಕದ ಸೊಲ್ಲಾಪುರ ನೋಡ್ರಿ. ಅದು ಸೊನ್ನಲಿಗೆಯ ಸಿದ್ಧರಾಮನ ಊರು. ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ ಶರಣ ಅವನು. ಆ ಊರಿಗೆ ಕೂಡಿ ಕಟ್ಟುವುದು ಹೊಸದಲ್ಲ ಅನ್ನಿ. ಅಲ್ಲಿ ಬೀಡಿ ಸುತ್ತುವ ಹೆಣ್ಣುಮಕ್ಕಳು ಬಹಳ. ತೆಲುಗು ಮಾತಾಡುವವರು, ಮರಾಠಿಯವರು, ನಮ್ಮ ಕನ್ನಡದವರು, ಎಲ್ಲಾ ಇದ್ದಾರೆ. ಮನೆಯಲ್ಲೇ ಮೊರ ತೊಡೆಯ ಮೇಲೆ ಇಟ್ಟುಕೊಂಡು ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತುವ ಕೆಲಸ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಮಲಗುವ ಕೋಣೆಯೂ ಅದೇ, ಅಡುಗೆಯೂ ಅಲ್ಲೇ, ತಂಬಾಕಿನ ಧೂಳೂ ಅಲ್ಲೇ. ಇವರನ್ನು ಕಾರ್ಮಿಕ ಮುಖಂಡ, ಮಾಜಿ ಶಾಸಕ ನರಸಯ್ಯ ಆಡಂ ಮತ್ತು ಅವರ ಸಂಗಡಿಗರು ಒಂದು ಸಹಕಾರಿ ಗೃಹನಿರ್ಮಾಣ ಸಂಘಕ್ಕೆ ತಂದರು. ಸಂಘಕ್ಕೆ ಹೋರಾಟಗಾರ್ತಿ ಗೋದುತಾಯಿ ಪರುಳೇಕರರ ಹೆಸರು. ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಸಂಘದ ಜಾಗ.

ಲೆಕ್ಕ ಕೇಳ್ರಿ. ಒಂದು ಮನೆಗೆ 60,000 ರೂಪಾಯಿ. ಕೇಂದ್ರ ಸರ್ಕಾರದ್ದು 20,000, ಮಹಾರಾಷ್ಟ್ರ ಸರ್ಕಾರದ್ದು 20,000, ಬೀಡಿ ಕಟ್ಟುವ ಹೆಣ್ಣುಮಗಳದ್ದು 20,000. ಮೂರರಲ್ಲಿ ಒಂದು ಪಾಲು ಆಕೆಯದ್ದೇ. ಈ ಪಾಲಿನ ಭಾರವನ್ನು ಒಬ್ಬೊಬ್ಬಳೂ ತನ್ನಷ್ಟಕ್ಕೆ ಹೊರಲಿಲ್ಲ, ಸಂಘದ ಒಳಗೆ ನಿಂತು ಹೊತ್ತಳು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಮನೆ ಹಸ್ತಾಂತರಿಸಿದರು. ಎಷ್ಟು ಮನೆ ಅಂತೀರಿ? 10,000.

ಅಲ್ಲಿಗೇ ನಿಲ್ಲಲಿಲ್ಲ. ಬೀಡಿಯವರಿಗೆ ಆಯಿತು, ನಮಗೆ ಅಂತ ಮಗ್ಗದವರು, ಚಿಂದಿ ಆಯುವವರು, ರಿಕ್ಷಾದವರು ಎದ್ದರು. ಅದರಿಂದ ರೇ ನಗರ ಅಂತ 30,000 ಮನೆಗಳ ಯೋಜನೆ ಆಯಿತು. 2019ರ ಜನವರಿ 9ಕ್ಕೆ ಪ್ರಧಾನಿ ನರೇಂದ್ರ ಮೋದಿ ಅಡಿಗಲ್ಲು ಹಾಕಿದರು. ಒಟ್ಟು ಅಂದಾಜು 1811 ಕೋಟಿ ರೂಪಾಯಿ. ಅದರಲ್ಲಿ ಎರಡೂ ಸರ್ಕಾರಗಳ ಸಹಾಯಧನ ಕೂಡಿ 750 ಕೋಟಿ. ಭಾಗಿಸಿ ನೋಡ್ರಿ. ಮನೆಗೆ ಆರು ಲಕ್ಷ ಖರ್ಚು, ಸಹಾಯಧನ ಎರಡೂವರೆ ಲಕ್ಷ. ಉಳಿದ ಮೂರೂವರೆ ಲಕ್ಷ? ಅದನ್ನು ಸಹಾಯಧನದ ಹೊರಗಿನಿಂದಲೇ ಹೊಂದಿಸಬೇಕು. ಮನೆ ಪುಕ್ಕಟೆ ಬರುತ್ತದೆ ಅಂತ ನಿಮ್ಮ ಓಣಿಯಲ್ಲಿ ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡ್ರಿ. 2024ರ ಜನವರಿ 19ಕ್ಕೆ ಮೊದಲ 15,000 ಮನೆ ಕೈಗೆ ಸಿಕ್ಕವು. ಅಡಿಗಲ್ಲಿನಿಂದ ಅರ್ಧ ಮನೆಗಳಿಗೆ ಐದು ವರ್ಷ. ಸಂಘ ಇದ್ದದ್ದಕ್ಕೆ ಐದು ವರ್ಷ ಕಾಯ್ದರು. ಒಂಟಿ ಮನುಷ್ಯ ಎರಡು ವರ್ಷಕ್ಕೇ ಅರ್ಜಿಯ ಆಸೆ ಬಿಡುತ್ತಾನೆ.

ಸೊಲ್ಲಾಪುರದ ಮಾತು ಉದ್ದ ಆಯಿತು, ಇರಲಿ. ನಮಗೆ ಮೂವತ್ತು ಸಾವಿರ ಮನೆ ಬೇಡ. ಇಪ್ಪತ್ತು ಮನೆಯಿಂದ ಹಿಡೀರಿ.

ಇಪ್ಪತ್ತು ಮನೆ, ಮನೆಗೆ ದಿನಕ್ಕೆ 20 ರೂಪಾಯಿ. ತಿಂಗಳಿಗೆ 25 ದಿನ ಕೂಲಿ ಹಿಡಿದರೂ ಮನೆಗೆ 500, ಇಪ್ಪತ್ತು ಮನೆಯಿಂದ 10,000. ಒಂದು ಬುನಾದಿಗೆ ಲೆಕ್ಕಕ್ಕೆ 80,000 ಅನ್ನೋಣ. ಎಂಟನೆಯ ತಿಂಗಳಿಗೆ ಒಂದು ಬುನಾದಿಯ ದುಡ್ಡು ಸಿದ್ಧ. ಮೊದಲ ಮನೆಯ ಕಂತು ಬಂದ ತಕ್ಷಣ ಅದು ಗುಂಪಿನ ನಿಧಿಗೆ ಮರಳಬೇಕು. ಲಿಂಟಲಿಗೆ ಬೇಕಾದದ್ದನ್ನು ಮತ್ತೆ ನಿಧಿಯಿಂದ ಎತ್ತಬೇಕು. ಕಂತು ನಿಧಿಗೆ, ಹಂತದ ಖರ್ಚು ನಿಧಿಯಿಂದ. ಈ ಸುತ್ತು ತಪ್ಪಿದರೆ ಎರಡನೆಯ ಮನೆ ಏಳುವುದಿಲ್ಲ. ಕೆಡುವುದು ಎಲ್ಲಾ ಇಲ್ಲೇ. ಮೊದಲ ಮನೆಯವನು, ನನ್ನ ಖಾತೆಗೆ ಬಂದದ್ದು ನನ್ನದು ಅನ್ನುತ್ತಾನೆ. ಅದಕ್ಕೇ ಬುನಾದಿ ತೋಡುವ ಮೊದಲು ಠರಾವು ಬರೆದು ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಯಾರ ಮನೆ ಮೊದಲು ಅಂತ ಚೀಟಿ ಎತ್ತಿ ನಿರ್ಧಾರ ಮಾಡ್ರಿ, ಮುಖ್ಯಸ್ಥನ ಮನೆಯಿಂದ ಶುರು ಮಾಡಬೇಡ್ರಿ.

ಗುಂಪು ಹತ್ತರಿಂದ ಇಪ್ಪತ್ತು ಜನರದ್ದಿರಲಿ, ಸ್ವಸಹಾಯ ಸಂಘವಾಗಿ ಬ್ಯಾಂಕಿನಲ್ಲಿ ಖಾತೆ ಸಿಗುತ್ತದೆ. ಖಾತೆಗೆ ಮೂವರ ಸಹಿ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಪಾಸ್‌ಬುಕ್ ಒಬ್ಬರ ಮನೆಯಲ್ಲಿ, ಚೆಕ್ ಪುಸ್ತಕ ಇನ್ನೊಬ್ಬರ ಮನೆಯಲ್ಲಿ. ವಾರಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ ಜೋರಾಗಿ ಓದಬೇಕು. ಗುಳೆ ಹೋಗುವವರು ಚಂದಾ ನಿಲ್ಲಿಸಬಾರದು, ಪುಣೆಯಿಂದಲೋ ಬೆಂಗಳೂರಿನಿಂದಲೋ ಮೊಬೈಲಿನಲ್ಲಿ ಹಾಕಬಹುದು. ಫೋಟೋ ತೆಗೆಯಲು ಬಂದ ದಿನ ಮನೆಯವರು ಊರಲ್ಲಿಲ್ಲದೆ ಕಂತು ನಿಂತದ್ದು ಎಷ್ಟೋ. ಗುಂಪಿನಲ್ಲಿ ಒಬ್ಬರು ಅದನ್ನು ನೋಡಿಕೊಳ್ಳಲಿ.

ಇನ್ನು ಜಾಗ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಹಂತ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಅದರಲ್ಲಿ ನೀವೇ ಮನೆ ಕಟ್ಟಿಕೊಳ್ಳುವ ಭಾಗಕ್ಕೆ ಸ್ವಂತ ಜಾಗ ಬೇಕೇ ಬೇಕು. ವರ್ಷದ ಆದಾಯ 3 ಲಕ್ಷದೊಳಗೆ, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಮನೆ ಹೆಣ್ಣುಮಗಳ ಹೆಸರಿಗೆ ಅಥವಾ ಜಂಟಿಯಾಗಿ. ಕಟ್ಟಡ ಕಾರ್ಮಿಕರಿಗೂ ಬೀದಿ ವ್ಯಾಪಾರಿಗಳಿಗೂ ಅದರಲ್ಲಿ ವಿಶೇಷ ಗಮನ ಇದೆ. ಗೌಂಡಿಗಳೇ, ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಮಂಡಳಿಯ ಕಾರ್ಡ್ ಮಾಡಿಸಿಕೊಳ್ಳಿ.

ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡ ಜಾಗ ನಿಮ್ಮದಲ್ಲ. ನೋಟರಿ ಮೊಹರು ಹೊಡೆಸಿದರೂ ಅಲ್ಲ. ನೋಂದಣಿ ಆಗಿರಬೇಕು, ಹೊಲದ ಜಾಗವಾದರೆ ಕೃಷಿಯೇತರ ಬಳಕೆಗೆ ಕೊಡುವ ಎನ್‌.ಎ. ಆದೇಶ ಇರಬೇಕು, ಪಂಚಾಯಿತಿಯಲ್ಲಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ 9 ಮತ್ತು 11ನೆಯ ನಮೂನೆ ಬರಬೇಕು. ಸರ್ಕಾರಿ ಜಾಗದಲ್ಲಿ ಹಳೆಯ ಕಾಲದಿಂದ ಇದ್ದವರು ತಹಸೀಲ್ ಕಚೇರಿಯಲ್ಲಿ ಕೇಳಬೇಕಾದದ್ದು ಅಂಥ ಮನೆಗಳನ್ನು ಸಕ್ರಮ ಮಾಡುವ ಭೂಕಂದಾಯ ಕಾಯ್ದೆಯ 94ಸಿ ಕಲಂ, ಪಟ್ಟಣದಲ್ಲಾದರೆ 94ಸಿಸಿ. ನಮ್ಮ ತಾಂಡಾಗಳವರಿಗೆ 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಕೊಟ್ಟರಲ್ಲ. ಹಕ್ಕುಪತ್ರ ಸಿಕ್ಕವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಕೂರಬೇಡ್ರಿ. ಜಾಗದ ಕಾಗದ ಕೈಗೆ ಬಂತು ಅಂದರೆ ಬುನಾದಿಯ ದುಡ್ಡು ಕೂಡಿಸುವ ಹೊತ್ತು ಬಂತು. ಜಾಗವೇ ಇಲ್ಲದವರು ಹತ್ತು ಬೇರೆ ಬೇರೆ ಕುಟುಂಬದವರು ಕೂಡಿದರೆ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ ಗೃಹನಿರ್ಮಾಣ ಸಂಘ ನೋಂದಾಯಿಸಬಹುದು. ಅಲ್ಲೂ ಮೊದಲ ಕೆಲಸ ಚಂದಾ.

ಸ್ಟೇಷನ್ ಹತ್ತಿರ, ಬಸ್ ನಿಲ್ದಾಣದಲ್ಲಿ ಮಲಗುವವರಿಗೂ ಒಂದು ಮಾತು. ಲಕ್ಷ ಜನಸಂಖ್ಯೆಗೆ ನೂರು ಜನರ ಆಶ್ರಯ ಕೇಂದ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲೇ ಕಲಬುರಗಿ ಐದು ಲಕ್ಷ ದಾಟಿತ್ತು, ಐದು ಕೇಂದ್ರದ ಲೆಕ್ಕ ನೀವೇ ಪಾಲಿಕೆಗೆ ಕೇಳ್ರಿ. ಮಾನ್ಯತೆ ಇರುವ ಕೇಂದ್ರದ ಮುಖ್ಯಸ್ಥರು ಕೊಟ್ಟ ಪ್ರಮಾಣಪತ್ರದ ಮೇಲೆ ಆಧಾರ್‌ಗೆ ವಿಳಾಸ ಆಗುತ್ತದೆ. ಮತದಾರರ ಪಟ್ಟಿಗಂತೂ ವಿಳಾಸದ ಕಾಗದವೇ ಬೇಡ, ಮತಗಟ್ಟೆ ಅಧಿಕಾರಿ ರಾತ್ರಿ ಬಂದು ನೀವು ಅಲ್ಲೇ ಮಲಗುತ್ತೀರಿ ಅಂತ ನೋಡಬೇಕು. ಆಧಾರ್ ಆದರೆ ಬ್ಯಾಂಕ್ ಖಾತೆ, ಖಾತೆ ಆದರೆ ಇಪ್ಪತ್ತು ರೂಪಾಯಿಯ ಲೆಕ್ಕ ಶುರು.

ಗಡಿಯಾರ ಮುಂದೆ ಹೋಗಿದೆ, ಕಟ್ಟುವ ಮಾತು ಬೇಗ ಹೇಳಿಬಿಡುತ್ತೇನೆ.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಎರೆ ಮುಗಿದು ಮುರುಮು ಸಿಗುವ ತನಕ ತೋಡಿಸಿ. ನಾಲ್ಕೈದು ಅಡಿಗೆ ಸಿಗದಿದ್ದರೆ ಸುಮ್ಮನೆ ತೋಡುತ್ತಾ ಹೋಗಬೇಡ್ರಿ, ಎಂಜಿನಿಯರರನ್ನು ಕೇಳಿ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಹಾಕಿಸ್ರಿ. ತೋಡಿದ ಎರೆಯನ್ನೇ ಮತ್ತೆ ಬುನಾದಿಯ ಬದಿಗೆ ತುಂಬುವುದು ದೊಡ್ಡ ತಪ್ಪು, ಮುರುಮು ತುಂಬಿಸಿ. ಪ್ಲಿಂತ್, ಅಂದರೆ ಮನೆಯ ತಳಕಟ್ಟು, ನೆಲದಿಂದ ಎರಡು ಅಡಿ ಮೇಲೆ, ಅದರ ಮೇಲೆ ಸುತ್ತಲೂ ಕಾಂಕ್ರೀಟಿನ ಬೀಮ್. ಹೊರಗೆ ಮೂರು ಅಡಿ ಅಗಲ ಫರಸಿ ಹಾಸಿ, ಬಚ್ಚಲ ನೀರು ಬುನಾದಿಗೆ ಇಳಿಯಬಾರದು. ದೀಪಾವಳಿ ಮುಗಿದ ಮೇಲೆ ಬುನಾದಿ, ಶಿವರಾತ್ರಿಯೊಳಗೆ ಮಾಳಿಗೆ. ಮಳೆಗಾಲದಲ್ಲಿ ಗುಂಡಿಗೆ ನೀರು ನಿಲ್ಲುತ್ತದೆ, ಏಪ್ರಿಲ್‌ಗೆ ನೀರೇ ಇರುವುದಿಲ್ಲ.

350 ಚದರ ಅಡಿಯ ನಾಲ್ಕು ಇಂಚಿನ ಮಾಳಿಗೆಗೆ ಸಿಮೆಂಟ್ 26-27 ಚೀಲ, ಕಬ್ಬಿಣ 250ರಿಂದ 300 ಕಿಲೋ. ನಾಲ್ಕು ಮನೆಯವರು ಕೂಡಿ ತಂದರೆ ಲಾರಿ ಬಾಡಿಗೆ ಹಂಚಿಹೋಗುತ್ತದೆ. ಆದರೆ ಮೂರು ತಿಂಗಳು ಮೀರಿ ಇಟ್ಟ ಸಿಮೆಂಟಿನ ಬಲ ಹೋಗುತ್ತದೆ. ಕಾಂಕ್ರೀಟ್ ಬೆಳಗಿನ ತಂಪಿನಲ್ಲೇ ಹಾಕಿಸಿ, ಬಿಗಿಯಾದ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ. ನಮ್ಮ ಬಿಸಿಲಿಗೆ ಹದಿನಾಲ್ಕು ದಿನ, ಗೌಂಡಿ ಏಳು ಸಾಕು ಅಂದರೂ ಹದಿನಾಲ್ಕು. ಆ ನೀರಿನ ಟ್ಯಾಂಕರ್ ದುಡ್ಡನ್ನೂ ಮೊದಲೇ ನಿಧಿಯಲ್ಲಿ ಬರೆದಿಡ್ರಿ.

ನಮಸ್ಕಾರ.